ನೀಲಿ ಗೆರೆ

ಅಂದು ಬೆಳಗ್ಗೆ ತಿಳಿಯಾಗಿದ್ದ ಆಕಾಶಕ್ಕೆ ಎಂಟರ ಹೊತ್ತಿಗೆ ಇದ್ದಕ್ಕಿದ್ದಂತೆ ಮಂಜು ಕವಿಯಿತು. ಒಂಬತ್ತೂಕಾಲಿಗೆ ವಿಮಾನ ಶಾಲೆಯ ಮುಖ್ಯ ಬೋಧಕರು ಠಾಣೆಗೆ ಬಂದು ದೂರು ಕೊಟ್ಟರು. ಒಬ್ಬಳೇ ಹಾರಲು ಹೋದ ವಿದ್ಯಾರ್ಥಿನಿಯ ರೇಡಿಯೊ ಆಕಾಶದಲ್ಲೇ ಸತ್ತಿತ್ತು. ದೇವರ ದಯೆ, ಹುಡುಗಿ ಇಳಿದಿದ್ದಾಳೆ. ನಿನ್ನೆವರೆಗೂ ಸರಿಯಿದ್ದ ರೇಡಿಯೊ, ಯಾರದೋ ಕೈವಾಡವಿರಬೇಕು. ವಿಮಾನವನ್ನು ಮುಟ್ಟದೆ ಹಾಗೇ ಬಿಟ್ಟಿದ್ದೇವೆ ಎಂದರು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರು ಪೇದೆಯೊಂದಿಗೆ ವಿಮಾನ ಶಾಲೆಗೆ ಬಂದಾಗ ಹುಡುಗಿ ಚಹಾದ ಲೋಟ ಹಿಡಿದು ಕೂತಿದ್ದಳು.

"ರೇಡಿಯೊ ಯಾವಾಗ ಹೋಯ್ತಮ್ಮಾ?" ಇನ್‌ಸ್ಪೆಕ್ಟರ್ ಕೇಳಿದರು.

"ವಾಪಸ್ ತಿರುಗೋವಾಗ ಸರ್. ಕಂಟ್ರೋಲ್ ಗೋಪುರದವರನ್ನ ಕರೆದೆ, ಉತ್ತರ ಇಲ್ಲ. ಸ್ವಿಚ್ ತೆಗೆದು ಹಾಕ್ದೆ. ನನ್ನ ಉಸಿರು ಮಾತ್ರ ಕೇಳಿಸ್ತಿತ್ತು."

"ಆಮೇಲೆ?"

"ರೇಡಿಯೊ ಕೆಟ್ಟಿದೆ ಅಂತ ತಿಳಿಸೋಕೆ ಒಂದು ಅಂಕಿ ಇದೆ, ಏಳು ಆರು ಸೊನ್ನೆ ಸೊನ್ನೆ. ಹಾಕಿದ್ರೆ ಅವರ ಪರದೇಲಿ ಕಾಣುತ್ತೆ. ಹಾಕಿ, ಗೋಪುರದ ಹತ್ರ ಬಂದು ರೆಕ್ಕೆ ಅಲ್ಲಾಡಿಸ್ದೆ. ಕೆಂಪು ದೀಪ ತೋರಿಸಿದ್ರು."

"ಅಂದ್ರೆ?"

"ಇಳೀಬೇಡ, ಸುತ್ತು ಹಾಕು ಅಂತ. ಕೆಳಗೆ ಇನ್ನೊಂದು ವಿಮಾನ ಇತ್ತಂತೆ. ಸುತ್ತಿದಷ್ಟೂ ದೀಪ ಮಸುಕಾಗ್ತಿತ್ತು ಸರ್. ಕೊನೆಗೆ ಹಸಿರು ಕಂಡಾಗ, ಅದು ಹಸಿರೇನಾ, ನನ್ನ ಆಸೇನಾ ಗೊತ್ತಾಗ್ಲಿಲ್ಲ."

"ನಂಗೆ ಏಣಿ ಹತ್ತಿದ್ರೇ ಎದೆ ಡವಡವ ಅನ್ನುತ್ತೆ ತಾಯಿ," ಎಂದ ಪೇದೆ. ಇನ್‌ಸ್ಪೆಕ್ಟರು ವಿಮಾನದ ಕಡೆ ನಡೆದರು.

ಪಂಚರ ಎದುರು ರೇಡಿಯೊದ ಮುಚ್ಚಳ ಪರೀಕ್ಷಿಸಿದರು. ಸ್ಕ್ರೂ ಬಿಗಿದ ಮೇಲೆ ಅದರ ತಲೆಯಿಂದ ಮುಚ್ಚಳದವರೆಗೆ ಒಂದು ಬಣ್ಣದ ಗೆರೆ ಎಳೆಯುವುದು ಅಲ್ಲಿನ ಮೆಕ್ಯಾನಿಕ್‌ಗಳ ರೂಢಿ. ಸ್ಕ್ರೂ ಕದಲಿದರೆ ಗೆರೆ ಮುರಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಆ ವಾರ ಆ ವಿಮಾನಕ್ಕೆ ಯಾವ ಕೆಲಸವೂ ನಡೆದಿರಲಿಲ್ಲ. ಆದರೂ ಗೆರೆ ಹಸಿಯಾಗಿತ್ತು. ಇನ್‌ಸ್ಪೆಕ್ಟರ ಬೆರಳಿಗೆ ನೀಲಿ ಅಂಟಿತು. ಒಳಗೆ ಆಂಟೆನಾದ ತಂತಿ ಕಳಚಿ ನೇತಾಡುತ್ತಿತ್ತು.

"ನೀಲಿ ಯಾರದು?"

ಉತ್ತರ ಕೊಟ್ಟವಳು ಹುಡುಗಿ.

"ನಮ್ಮಣ್ಣಂದು."

ಅಣ್ಣ ವರ್ಕ್‌ಶಾಪಿನ ನಲ್ಲಿಯ ಕೆಳಗೆ, ಆಗಲೇ ಶುಭ್ರವಾಗಿದ್ದ ಕೈಗಳನ್ನು ಮತ್ತೆ ಮತ್ತೆ ತೊಳೆಯುತ್ತಿದ್ದ.

"ಯಾಕಪ್ಪಾ ಹೀಗ್ಮಾಡ್ದೆ?"

"ನಂಗಿರೋದು ಅವಳೊಬ್ಬಳೇ ಸರ್. ಅವಳು ಮೇಲೆ ಹೋದ್ರೆ ನನ್ನ ಜೀವ ಕೈಲಿರಲ್ಲ. ತಂತಿ ಸಡಿಲ ಮಾಡಿದ್ರೆ ರೇಡಿಯೊ ನೆಲದ ಮೇಲೇ ಸಾಯುತ್ತೆ, ಹಾರೋದು ನಿಲ್ಲುತ್ತೆ ಅಂದ್ಕೊಂಡೆ. ಅದು ನೆಲದಲ್ಲಿ ಮಾತಾಡ್ತು, ವಿಮಾನ ಏರಿಬಿಡ್ತು. ಮೇಲೆ ಅದುರಿ ಅದುರಿ ತಂತಿ ಕಳಚ್ಕೊಂಡಿರ್ಬೇಕು."

"ಆಗಲಾದ್ರೂ ಹೇಳಬಹುದಿತ್ತಲ್ಲ?"

"ಬಾಯೇ ಬರ್ಲಿಲ್ಲ."

"ಗೆರೆ ಯಾಕೆ ಎಳೆದೆ?"

"ಎಳೀದೆ ಬಿಡೋಕೆ ಕೈ ಕೇಳ್ಲಿಲ್ಲ ಸರ್."

ಅವಳು ಎಲ್ಲಿ ಬಿದ್ದುಬಿಡುತ್ತಾಳೋ ಎಂಬ ಭಯವೇ ಅವಳನ್ನು ಬೀಳಿಸಲು ಹೊರಟಿತ್ತು. ಬಂಧನದ ಕಾಗದಕ್ಕೆ ಸಹಿ ಹಾಕುವಾಗ ಇನ್‌ಸ್ಪೆಕ್ಟರು ಅರೆಗಳಿಗೆ ಕಣ್ಣು ಮುಚ್ಚಿದರು.

ಜೀಪಿನ ಬಳಿ ತಂಗಿ ಬಂದು ನಿಂತಳು.

"ನಾನು ನಾಳೆ ಹಾರ್ತೀನಿ, ಅಣ್ಣಾ."

ಅವನು ಹೂಂ ಎಂದು ತಲೆಯಾಡಿಸಿದ. ವಿಮಾನ ಹಾರಲು ಯೋಗ್ಯವೆಂದು ಸಹಿ ಹಾಕುವ ಅಧಿಕಾರ ಕೊಡುವ ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು, ಬೋಧಕರ ಅಂಗೈಯಲ್ಲಿಟ್ಟು, ಜೀಪು ಹತ್ತಿದ.