ಮಾನ್ವಿಯ ಹಳದಿ ಜೆರ್ಸಿ

ಭಾನುವಾರ ಸಂಜೆ ಐದೂವರೆಗೆ ಬಂಡೆಮ್ಮ ರಾಯಚೂರಿನ ಠಾಣೆಗೆ ಬಂದಾಗ ಅವಳ ಸೆರಗಿನ ಮರೆಯಲ್ಲಿ ಮಗನ ಒಂದು ಚಪ್ಪಲಿ ಇತ್ತು. ಇನ್ನೊಂದು ಮೈದಾನದಲ್ಲೇ ಉಳಿದಿತ್ತು.

"ನನ್ನ ಮಗನ ತಲಿ ಒಡದಾರ್ರೀ. ದವಾಖಾನ್ಯಾಗ ಅದಾನ. ಕಣ್ಣ ತೆರೀವಲ್ಲ."

ಇನ್‌ಸ್ಪೆಕ್ಟರ್ ಶೈಲಜಾ ಅವಳನ್ನು ಕೂರಿಸಿ ನೀರು ಕೊಟ್ಟರು. ಅವಳು ಕುಡಿದು ಮುಗಿಸಿದ ಮೇಲೆ ವಿವರ ಕೇಳಿದರು.

ಮಗನ ಹೆಸರು ನಿಂಗರಾಜ, ಊರು ಮಾನ್ವಿ ಪಕ್ಕದ ನೀರಮಾನ್ವಿ. ಜಿಲ್ಲಾ ಟೆನಿಸ್ ಬಾಲ್ ಕ್ರಿಕೆಟ್ ಫೈನಲ್ ನೋಡಲು ಬಂದಿದ್ದ. ಮಾನ್ವಿ ತಂಡದ ಅಭಿಮಾನಿಗಳದು ಹಳದಿ ಜೆರ್ಸಿ, ದೇವದುರ್ಗದವರದು ಕೆಂಪು. ಪಂದ್ಯದ ನಡುವೆ ನೀರಿನ ಟ್ಯಾಂಕಿನ ಹಿಂದೆ ಯಾರೋ ಸ್ಟಂಪಿನಿಂದ ಅವನ ತಲೆಗೆ ಹೊಡೆದಿದ್ದರು. ಗಲಾಟೆಯಾಗಿ ಆಟ ನಿಂತು, ಬುಧವಾರಕ್ಕೆ ಮುಂದೆ ಹೋಗಿತ್ತು.

"ನೀರಮಾನ್ವಿಯಂವ ಅಂದ್ರ ಹಳದಿ ಹಾಕಿದ್ನೇನು?"

"ಇಲ್ರೀ, ಕೆಂಪು. ಸೊಸಿ ದೇವದುರ್ಗದಾಕಿ. ಮದುವಿ ಆಗಿ ಎರಡು ತಿಂಗಳಾತು. ಆಕಿ ಆಸೆಪಟ್ಟು ಕೊಟ್ಟಾಳ, ಇಂವ ಹಾಕ್ಕೊಂಡಾನ."

ಕೊಲೆ ಯತ್ನದ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಹಂಪಯ್ಯ ಪಂಚರನ್ನು ಕರೆದೊಯ್ದು ಸ್ಥಳ ಪಂಚನಾಮೆ ಮಾಡಿದರು. ಸ್ಟಂಪು ಸಿಕ್ಕಿತು, ಹಿಡಿಯನ್ನು ಒರೆಸಲಾಗಿತ್ತು. ಟ್ಯಾಂಕಿನ ಗೋಡೆಗೆ ಎದೆಮಟ್ಟದವರೆಗೆ ರಕ್ತ ಸಿಡಿದಿತ್ತು. ಹೊಡೆದವನ ಬಟ್ಟೆಗೂ ಸಿಡಿದಿರಲೇಬೇಕು. ಕಂಡವನು ಶೇಂಗಾ ಮಾರುವವನೊಬ್ಬನೇ.

"ಬೆನ್ನು ಕಂಡಿತ್ರೀ. ಹಳದಿ ಜೆರ್ಸಿ."

ಅಂದು ಮೈದಾನದಲ್ಲಿ ಹಳದಿ ಬೆನ್ನುಗಳು ನೂರಾರು ಇದ್ದವು.

ಜನ ಅವುಗಳಲ್ಲಿ ಒಂದನ್ನು ಆಗಲೇ ಹಿಡಿದು ತಂದಿದ್ದರು. ಅವನು ಮಾನ್ವಿಯ ಆಟೋ ಚಾಲಕ ಶಾಕಿರ್. ಮೈದಾನದಲ್ಲಿ ನಿಂಗರಾಜನನ್ನು ನೋಡಿ ಅವನು ಎಲ್ಲರೆದುರು ಕೂಗಿದ್ದ: "ಹೆಂಡ್ತಿ ಅಂಗಿ ಕೊಟ್ರ ಊರ ಬಿಟ್ಟಿ ಏನಲೇ? ಮಾವ ಬೈಕ್ ಕೊಟ್ಟಿದ್ರ ಏನೇನ್ ಬಿಡ್ತಿದ್ದಿ?" ಅವನ ಜೆರ್ಸಿಯ ಎದೆಯ ಮೇಲೆ ಕೆಂಪು ಕಲೆಯಿತ್ತು.

"ಎಲಿಅಡಿಕಿ ರೀ ಮೇಡಂ. ಉಗುಳುವಾಗ ಬಿತ್ತು. ಅಲ್ಲಾನ ಆಣೆ."

ಪ್ರಯೋಗಾಲಯದ ವರದಿಗೆ ವಾರಗಳು ಬೇಕು. ಸೋಮವಾರ ಸಂಜೆಯೊಳಗೆ ಶಾಕಿರ್‌ನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಇಲ್ಲವೇ ಬಿಡಬೇಕು. ನಿಲ್ಲಿಸಿದರೆ ಜೈಲು. ಬಿಟ್ಟರೆ ಗೇಟಿನಾಚೆ ಕೆಂಪು ಜೆರ್ಸಿಗಳ ಗುಂಪು ಕಾಯುತ್ತಿತ್ತು. ಅದೇ ಗೇಟಿನ ಪಕ್ಕ ಅವನ ತಾಯಿ ಖುರ್ಷೀದ್ ಬೇಗಂ ಬುತ್ತಿ ಹಿಡಿದು ಕೂತಿದ್ದಳು.

ಸೋಮವಾರ ಬೆಳಿಗ್ಗೆ ಶೈಲಜಾ ಆಸ್ಪತ್ರೆಗೆ ಹೋದರು. ನಿಂಗರಾಜನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಹಳದಿ ಜೆರ್ಸಿಯ ಯುವಕನೊಬ್ಬ ಇಡ್ಲಿ ಮುರಿದು ಬಂಡೆಮ್ಮನ ಕೈಗೆ ಕೊಡುತ್ತಿದ್ದ.

"ಪಂಪಾಪತಿ ರೀ. ಮಾನ್ವಿ. ನಿಂಗ್ಯಾಂದು ನಂದು ಮೂರನೇ ಕ್ಲಾಸಿನಿಂದ ದೋಸ್ತಿ."

"ಹೊಡೆದಾಗ ಎಲ್ಲಿದ್ದಿ?"

"ಮೈದಾನದಾಗ, ನಮ್ಮ ಮಂದಿ ಸ್ಟ್ಯಾಂಡಿನ್ಯಾಗ. ಸುದ್ದಿ ಕೇಳಿ ಇಲ್ಲಿಗೆ ಓಡಿ ಬಂದೆ. ಅಷ್ಟರಾಗ ಅವನ್ನ ಒಳಗ ಒಯ್ದಿದ್ರು. ಮುಟ್ಟಾಕೂ ಸಿಗಲಿಲ್ಲ."

"ರಾತ್ರಿ?"

"ಮಾನ್ವಿಗೆ ಹೋಗಿದ್ದೆ. ಮುಂಜಾನಿ ಮೊದಲನೇ ಬಸ್ಸಿಗೆ ಬಂದೀನಿ."

ಬಂಡೆಮ್ಮ ಅವನ ಭುಜಕ್ಕೆ ತಲೆ ಆನಿಸಿದಳು. "ಇಂವ ಇದ್ದಾನಂತ ಜೀವ ಹಿಡಕೊಂಡೀನ್ರೀ."

ಠಾಣೆಗೆ ಮರಳಿದಾಗ ಹಂಪಯ್ಯ ಶಾಕಿರ್‌ನ ಜೆರ್ಸಿಯನ್ನು ಸೀಲ್ ಮಾಡಲು ಕೂತಿದ್ದರು. ಮೂಗಿಗೆ ಕರವಸ್ತ್ರ ಕಟ್ಟಿದ್ದರು.

"ಏನ್ ಹಂಪಯ್ಯ?"

"ಮೇಡಂ, ಇದನ್ನ ಹಿಂಗ ಬಿಟ್ರ ತಾನಾ ಎದ್ದು ಕೋರ್ಟಿಗೆ ಹೋಗ್ತದ. ಲೇ ಶಾಕಿರ್, ನಿಮ್ಮನ್ಯಾಗ ನೀರಿಲ್ಲೇನೋ?"

ಶಾಕಿರ್ ತಲೆ ತಗ್ಗಿಸಿದ. "ಮೊದಲನೇ ಮ್ಯಾಚಿಂದ ತೊಳೆದಿಲ್ರೀ. ತೊಳೆದ್ರ ತಂಡ ಸೋಲ್ತದ. ಬರೇ ಬಿಸಿಲಿಗೆ ಹಾಕಬೇಕು. ಕಪ್ ಗೆಲ್ಲೂತನ ಹೊರಗ ಹೋಗುವಾಗ ಬ್ಯಾರೆ ಅಂಗಿ ಹಾಕ್ಕೊಳ್ಳಂಗಿಲ್ಲ."

"ನೀ ಒಬ್ನಾ?"

"ಎಲ್ಲಾರೂ ರೀ. ಪಂಪಾಪತಿನೇ ಕಾನೂನು ಮಾಡ್ಯಾನ. ಹೋದ ವರ್ಷ ಒಬ್ಬಂವ ತೊಳಕೊಂಡು ಬಂದಿದ್ದ. ಸೆಮಿಫೈನಲ್ ಸೋತ್ವಿ. ಅವನ್ನ ಪಂಪಾಪತಿ ಇನ್ನೂ ಮಾತಾಡ್ಸಂಗಿಲ್ಲ."

ಶೈಲಜಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಅವರು ಪಂಪಾಪತಿಗೆ ಒಂದು ಗೇಣು ದೂರದಲ್ಲಿ ಕೂತಿದ್ದರು. ಅಲ್ಲಿ ಬೆವರಿನ ವಾಸನೆ ಇರಲಿಲ್ಲ. ಸೋಪಿನ ಪುಡಿಯದು ಇತ್ತು.

"ಜೀಪು ತೆಗೀರಿ. ಮಾನ್ವಿಗೆ."

ಪಂಪಾಪತಿಯ ತಾಯಿ ಚನ್ನಮಲ್ಲಮ್ಮ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಪೊಲೀಸರನ್ನು ಕಂಡು ಮೊರ ಬದಿಗಿಟ್ಟಳು.

"ಬರ್ರಿ. ನಿಂಗರಾಜ ಹೆಂಗದಾನ್ರೀ? ನನ್ನ ಮಗ ನಿನ್ನೆಯಿಂದ ಊಟನ ಮಾಡಿಲ್ಲ."

"ಅವನ ಜೆರ್ಸಿ ನೀವು ತೊಳೆದ್ರೇನಮ್ಮ?"

"ಅಯ್ಯ, ನಾನು ಮುಟ್ಟೀನೇನ್ರೀ! ಹೋದ ವಾರ ಬಕೇಟಿನ್ಯಾಗ ಹಾಕಿದ್ದಕ್ಕ ಕಸಗೊಂಡು, ಒಂದಿನ ನನ್ನ ಕೂಡ ಮಾತು ಬಿಟ್ಟಿದ್ದ." ಅವಳು ನಕ್ಕಳು. "ನಿನ್ನೆ ಬಂದಂವನ ತಾನಾ ಹಂಡೇಕ ಬೆಂಕಿ ಹಚ್ಚಿದ. ಬಚ್ಚಲದಾಗ ಸೋಪ್ ಹಚ್ಚಿ ತಿಕ್ಕೇ ತಿಕ್ಕಿದ. ಮ್ಯಾಚ್ ಮುಗೀತೇನಪಾ ಅಂದೆ. ಇನ್ನಷ್ಟು ಸೋಪ್ ಹಚ್ಚಿದ. ಗೆಳೆಯಾಗ ಹಿಂಗಾದ ಮ್ಯಾಲ ಆ ನೇಮ ಹಿಡಿಯಾಕ ಮನಸು ಬಂದಿಲ್ಲ ಬಿಡು ಅಂದ್ಕೊಂಡೆ."

ಹಂಪಯ್ಯ ಬರೆದುಕೊಳ್ಳುವುದನ್ನು ನೋಡಿ ಅವಳ ನಗು ನಿಂತಿತು.

"ಯಾಕ್ರೀ ಯವ್ವಾ? ನಾ ಏನರ ತಪ್ಪು ಹೇಳಿದ್ನೇನು?"

"ಇಲ್ಲಮ್ಮ. ಇದ್ದದ್ದು ಹೇಳಿದ್ರಿ," ಎಂದರು ಶೈಲಜಾ. ಮೊರವನ್ನು ಎತ್ತಿ ಅವಳ ಕೈಗೆ ಕೊಟ್ಟರು.

ಮಧ್ಯಾಹ್ನ ಮೂರು ದಾಟಿತ್ತು. ಬಂಡೆಮ್ಮನ ಕಣ್ಣೆದುರು ಬೇಡವೆಂದು ಪಂಪಾಪತಿಯನ್ನು ಆಸ್ಪತ್ರೆಯ ಹಿಂದಿನ ಬಾಗಿಲಿಗೆ ಕರೆಸಿದರು.

"ಜೆರ್ಸಿ ಯಾರು ತೊಳೆದ್ರು?"

"ಅವ್ವ."

"ನಿಮ್ಮವ್ವನ್ನ ಕೇಳಿಕೊಂಡೇ ಬಂದೀವಿ."

ಶೈಲಜಾ ಅವನ ಕೊರಳಪಟ್ಟಿಯನ್ನು ಮಗುಚಿ ನೋಡಿದರು. ಬಿಸಿನೀರಿಗೆ ರಕ್ತ ಹೋಗುವುದಿಲ್ಲ, ಕಚ್ಚಿಕೊಳ್ಳುತ್ತದೆ. ಒಳಹೊಲಿಗೆಯ ದಾರ ಕಂದುಬಣ್ಣಕ್ಕೆ ತಿರುಗಿತ್ತು.

"ನಿಂಗ್ಯಾಗ ನನ್ನ ಬಾಜೂಕ ಜಾಗ ಹಿಡಿದಿದ್ದೆ ರೀ," ಎಂದ ಪಂಪಾಪತಿ. "ಟವೆಲ್ ಹಾಸಿ. ಯಾರಿಗೂ ಕೂಡಾಕ ಬಿಟ್ಟಿದ್ದಿಲ್ಲ. ಮದುವಿ ಆದಾಗಿಂದ ಅಂವ ಸಿಕ್ಕೇ ಇದ್ದಿಲ್ಲ, ಮ್ಯಾಚಿಗರ ಬರ್ತಾನ ಅಂತ. ನೋಡಿದ್ರ ಆ ಕಡಿ ಕೆಂಪಂಗ್ಯಾಗ ಕೂತು ನಗಕೋತ ಕೈ ಬೀಸಿದ. ಬೈದಿದ್ರ ತಡಕೋತಿದ್ದೆ."

"ಟ್ಯಾಂಕಿನ ಹತ್ತಿರ ಯಾರು ಕರೆದ್ರು?"

"ನಾನ. ಅಂಗಿ ಬದಲಿ ಮಾಡು ಅಂದೆ. ಹುಚ್ಚ ಏನಲೇ, ಬರೇ ಅಂಗಿ ಐತಿ ಅಂದ. ಬರೇ ಅಂಗಿ ಅಂತ್ರೀ."

ಸಂಜೆ ನಾಲ್ಕೂವರೆಗೆ ಠಾಣೆಯ ಗೇಟಿಗೆ ಬಂದು ಶೈಲಜಾ ನಿಜವಾದ ಆರೋಪಿ ಸಿಕ್ಕಿದ್ದಾನೆಂದು ಗುಂಪಿಗೆ ತಿಳಿಸಿದರು. ಶಾಕಿರ್ ಹಂಪಯ್ಯನವರ ಹಳೆಯ ಶರ್ಟು ತೊಟ್ಟು ತಾಯಿಯ ಜೊತೆ ಅದೇ ಗುಂಪಿನ ನಡುವೆ ಹೋದ. ದಾರಿ ಬಿಟ್ಟವರಲ್ಲಿ ಕೆಲವರು ಮುಖ ಬೇರೆ ಕಡೆ ತಿರುಗಿಸಿದರು.

ಒಳಗೆ ಹಂಪಯ್ಯ ಬಂಧನದ ಪತ್ರ ತುಂಬುತ್ತಿದ್ದರು. ವಯಸ್ಸು, ವಿಳಾಸ, ಗುರುತಿನ ಮಚ್ಚೆ.

"ನಿನ್ನ ಹಿಡಿದ ಸುದ್ದಿ ಯಾರಿಗೆ ತಿಳಿಸಬೇಕೋ? ಸಂಬಂಧಿಕರು ಇಲ್ಲಾ ಗೆಳೆಯರು, ಒಂದು ಹೆಸರು ಹೇಳು."

"ನಿಂಗರಾಜ," ಎಂದ ಪಂಪಾಪತಿ ಥಟ್ಟನೆ.

ಹಂಪಯ್ಯನವರ ಪೆನ್ನು ನಿಂತಿತು. ಪಂಪಾಪತಿ ಬಾಯಿಗೆ ಕೈ ಅಡ್ಡ ಹಿಡಿದ.