ಲೆಹ್ತೋಲಾನನ್ನು ಬಿಟ್ಟುಕೊಡಿ ಎಂದವನು

ಮುಖ ನೋಡುವ ಮೊದಲೇ ಟೈನಾಗೆ ಅವನ ದನಿ ಗೊತ್ತಿತ್ತು. ಬರೀ ಗೊತ್ತಿತ್ತು ಅಷ್ಟೇ ಅಲ್ಲ, ಆ ದನಿ ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

ನವೆಂಬರಿನ ಒಂದು ಬೆಳಿಗ್ಗೆ. ಥಂಡರ್ ಬೇಯ ಬೇಕರಿಯಲ್ಲಿ ಗುಲಾಬಿ ಸಕ್ಕರೆ ಸವರಿದ ಪರ್ಷಿಯನ್ ಬನ್ನಿಗಾಗಿ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಟೈನಾಳ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

"ನಿನ್ನೆ ಲೆಹ್ತೋಲಾ ಆಡಿದ್ದನ್ನ ಆಟ ಅಂತಾರಾ? ಆರು ಮಿಲಿಯನ್ ಡಾಲರಿನ ತೂಗುಕುರ್ಚಿ ಅದು. ಹಿಂದಕ್ಕೂ ಮುಂದಕ್ಕೂ ತೂಗುತ್ತೆ, ಜಾಗ ಬಿಟ್ಟು ಕದಲಲ್ಲ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಟೈನಾ ತಿರುಗಿದಳು. ಪ್ರತಿ ಗುರುವಾರ ಮಧ್ಯಾಹ್ನ ರೇಡಿಯೋದಲ್ಲಿ 'ನೀಲಿ ಗೆರೆ' ಕಾರ್ಯಕ್ರಮ ನಡೆಸುವ ಮೈರನ್ ಬೋಯ್ಕೋ ಇವನೇ. ಇಡೀ ಊರಿನ ಅಭಿಮಾನಿಗಳು ಸ್ಟರ್ಜನ್ಸ್ ಐಸ್ ಹಾಕಿ ತಂಡದಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ಕಿತ್ತಾಡುವುದು ಅಲ್ಲೇ. ದನಿ ಕೇಳಿ ಡೊಳ್ಳುಹೊಟ್ಟೆಯ ಮುದುಕನೊಬ್ಬನನ್ನು ಅವಳು ಕಲ್ಪಿಸಿಕೊಂಡಿದ್ದಳು. ಎದುರಿಗಿದ್ದವನು ಎತ್ತರಕ್ಕಿದ್ದ. ಹುಬ್ಬಿನ ಮೇಲೆ ಹಿಮ ಕರಗುತ್ತಿತ್ತು.

"ತೂಗುಕುರ್ಚಿಗೆ ಕಲ್ಲಿನಂಥ ಆ ರಬ್ಬರ್ ಪಕ್ ಬಡಿದ್ರೆ ನೋವಾಗುತ್ತಾ ಸರ್?"

"ಏನಂದ್ರಿ?"

"ನಿನ್ನೆ ನಮ್ಮಲ್ಲಿ ಒಬ್ಬ ಕಮ್ಮಿ ಇದ್ದಾಗ ಮತ್ತೆ ಮತ್ತೆ ಪಕ್‌ಗೆ ಅಡ್ಡ ಬಿದ್ದೋರು ಯಾರು? ನೀವು ವಾರ ವಾರ ಹೊಗಳ್ತೀರಲ್ಲ, ಆ ಚಿಕ್ಕ ಹುಡುಗ ಆಗ ಬೆಂಚಲ್ಲಿ ನೀರು ಕುಡೀತಾ ಕೂತಿದ್ದ."

ಈಗ ಸಾಲು ಇನ್ನೂ ಜೋರಾಗಿ ನಕ್ಕಿತು. ಮೈರನ್ ನಗಲಿಲ್ಲ. ಅವಳನ್ನೇ ನೋಡಿದ. ಸೋತ ನೋಟವಲ್ಲ ಅದು. ಬಹಳ ದಿನದಿಂದ ಹುಡುಕುತ್ತಿದ್ದದ್ದು ಸಿಕ್ಕಿತು ಎನ್ನುವ ನೋಟ. ಟೈನಾಳ ಕೆನ್ನೆ ಬಿಸಿಯಾಯಿತು.

"ನನ್ನ ಜೊತೆ ಜಗಳಕ್ಕೆ ಬರೋರೆಲ್ಲ ಬರೀ ಬೈತಾರೆ. ನೀವು ಆಟ ನೋಡಿ ಬೈದ್ರಿ. ಗುರುವಾರ ಫೋನ್ ಮಾಡ್ತೀರಾ ಪ್ಲೀಸ್? ಹೆಸರೇನು?"

"ಟೈನಾ."

ಅಷ್ಟಕ್ಕೇ ನಿಲ್ಲಿಸಿದಳು. ಹೆಸರಿನ ಉಳಿದರ್ಧ ಹಲ್ಲಿನ ಹಿಂದೆಯೇ ಉಳಿಯಿತು. ಆ ತೂಗುಕುರ್ಚಿ, ಆರ್ವಿ ಲೆಹ್ತೋಲಾ, ಅವಳ ಒಡಹುಟ್ಟಿದ ಅಣ್ಣ.

ಅತ್ತಿಗೆ ತೀರಿಕೊಂಡ ವರ್ಷ ಟೈನಾ ಸಡ್‌ಬರಿಯ ಶಾಲೆಯಲ್ಲಿ ಸಂಗೀತ ಕಲಿಸುವ ಕೆಲಸ ಬಿಟ್ಟು ಅಣ್ಣನ ಮನೆಗೆ ಬಂದಿದ್ದಳು. ಪಂದ್ಯಗಳಿಗೆಂದು ಆರ್ವಿ ಊರೂರು ಸುತ್ತುವಾಗ ಮಗಳು ಹೆಲ್ಮಿಯ ಜಡೆ ಹೆಣೆದು, ಊಟ ಮಾಡಿಸಿ, ಮಲಗಿಸಲು ಒಬ್ಬರು ಬೇಕಿತ್ತು. ಊರಿಗೆ ಲೆಹ್ತೋಲಾ ಗೊತ್ತಿದ್ದ. ಲೆಹ್ತೋಲಾನ ತಂಗಿ ಯಾರಿಗೂ ಗೊತ್ತಿರಲಿಲ್ಲ.

ಗುರುವಾರ ಫೋನ್ ಮಾಡಿದಳು. ಮುಂದಿನ ಗುರುವಾರವೂ ಮಾಡಿದಳು. ಆಮೇಲೆ ಊರಿಗೇ ಅದೊಂದು ಚಟವಾಯಿತು.

"ಸ್ಯಾಲರಿ ಕ್ಯಾಪ್ ಅನ್ನೋದು ಚಿಕ್ಕ ಕಂಬಳಿ ಕಣ್ರೀ," ಎನ್ನುತ್ತಿದ್ದ ಮೈರನ್. "ಇಡೀ ತಂಡದ ಸಂಬಳ ಅದರೊಳಗೇ ಮುಗೀಬೇಕು. ವಯಸ್ಸಾದ ಒಬ್ಬನ ಮೇಲೆ ಅಷ್ಟು ಹೊದಿಸಿದ್ರೆ ಎಳೇ ಹುಡುಗರು ಚಳೀಲಿ ನಡುಗ್ತಾರೆ."

"ಅದಕ್ಕೆ ಮನೆ ಯಜಮಾನನನ್ನೇ ಹಿಮಕ್ಕೆ ತಳ್ಳೋದಾ?"

"ಯಜಮಾನ ಓಡಬೇಕಲ್ರೀ!"

"ಎಲ್ಲಿ ನಿಲ್ಲಬೇಕು ಅಂತ ಗೊತ್ತಿರೋನು ಯಾಕ್ರೀ ಓಡಬೇಕು?"

ವೆಸ್ಟ್‌ಫೋರ್ಟ್ ಬಡಾವಣೆಯ ಬರ್ನಿಸ್ ಅಜ್ಜಿ ಒಮ್ಮೆ ಫೋನ್ ಮಾಡಿ, "ಮೊದಲು ನೀವಿಬ್ರೂ ಮದುವೆ ಆಗ್ರಪ್ಪ. ಆಮೇಲೆ ಆ ಲೆಹ್ತೋಲಾನ ಕಳಿಸೋ ವಿಷಯ ಮಾತಾಡೋಣ," ಎಂದುಬಿಟ್ಟಳು. ರೇಡಿಯೋದಲ್ಲಿ ಮೈರನ್ನನಿಗೆ ಮಾತು ನಿಂತದ್ದು ಅದೇ ಮೊದಲು.

ಜನವರಿಯಲ್ಲಿ ಬಂದರಿನ ನೀರೆಲ್ಲ ಹೆಪ್ಪುಗಟ್ಟಿತ್ತು. ಇಬ್ಬರೂ ಕಾಫಿ ಲೋಟ ಹಿಡಿದು ದಡದಲ್ಲಿ ನಡೆಯುತ್ತಿದ್ದರು. 'ರೀ' ಹೋಗಿ 'ಕಣೋ', 'ಕಣೇ' ಬಂದಿತ್ತು. ಅವನು ಅವಳ ಕೈಗವಸು ಕಳಚಿ, ಬೆರಳುಗಳನ್ನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡ. ಆ ಕತ್ತಲೆಯ ಪುಟ್ಟ ಜಾಗದಲ್ಲಿ ಬೆರಳಿಗೆ ಬೆರಳು ಹೆಣೆದುಕೊಂಡಿತು. ಮುತ್ತಿಟ್ಟಾಗ ಅವನ ಮೂಗಿನ ತುದಿ ಮಂಜಿನಂತಿತ್ತು, ತುಟಿಯಲ್ಲಿ ಕಾಫಿಯ ಕಹಿಯಿತ್ತು.

ಈಗ ಹೇಳಿಬಿಡಬೇಕು ಅಂದುಕೊಂಡಳು. ಹೇಳಲಿಲ್ಲ. ಹೇಳಿದರೆ ಅವನು ಮೆತ್ತಗಾಗುತ್ತಾನೆ, ಇಲ್ಲವೇ ದೂರವಾಗುತ್ತಾನೆ. ಅವಳಿಗೆ ಎರಡೂ ಬೇಡವಾಗಿತ್ತು.

ಮಾರ್ಚ್ ಬಂತು. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆಯ ದಿನ. ಗಡುವು ಮಧ್ಯಾಹ್ನ ಮೂರು ಗಂಟೆ.

ಆ ಬೆಳಿಗ್ಗೆ ಆರ್ವಿ ಗಂಜಿಯ ಬಟ್ಟಲಲ್ಲಿ ಚಮಚ ಆಡಿಸುತ್ತ ಕೂತಿದ್ದ. ಹೆಲ್ಮಿ ಶಾಲೆಗೆ ಹೋಗಿಯಾಗಿತ್ತು.

"ಪೋರ್ಟ್‌ಲ್ಯಾಂಡ್‌ನವರು ನನ್ನನ್ನ ಕೇಳ್ತಿದಾರೆ," ಎಂದ. "ಮ್ಯಾನೇಜರ್ ಒಪ್ಪಿದಾನೆ. ಆದ್ರೆ ನನ್ನ ಒಪ್ಪಿಗೆ ಇಲ್ದೆ ಕಳಿಸೋ ಹಾಗಿಲ್ಲ, ಒಪ್ಪಂದದಲ್ಲೇ ಇದೆ. ಎರಡೂವರೆಗೆ ಫೋನ್ ಮಾಡಿ ಹೇಳ್ಬೇಕು."

"ನಿನಗೆ ಹೋಗೋಕೆ ಇಷ್ಟಾನಾ ಅಣ್ಣಾ?"

"ಮೂವತ್ತನಾಲ್ಕು ವರ್ಷ ಕಣೇ ನನಗೆ. ಒಂದು ಸಲಾನೂ ಫೈನಲ್ ಆಡಿಲ್ಲ. ಅವರ ತಂಡ ಈ ವರ್ಷ ಕಪ್ ಗೆಲ್ಲಬಹುದು." ಕಿಟಕಿಯ ಕಡೆ ತಿರುಗಿದ. "ಆದ್ರೆ ಒಪ್ಪಂದ ಮುಂದಿನ ವರ್ಷಕ್ಕೂ ಇದೆ. ಹೆಲ್ಮೀನ ಬಿಟ್ಟು ನಾನು ಅಷ್ಟು ದಿನ ಇರಲ್ಲ. ನೀನಿಲ್ದೆ ಅವಳು ಇರಲ್ಲ. ಮತ್ತೆ ನೀನು..."

"ನನಗೇನು?"

"ಗುರುವಾರ ಗುರುವಾರ ಕಾರಲ್ಲಿ ರೇಡಿಯೋ ಹಾಕ್ತೀನಿ ಟೈನಾ. ತಂಗಿ ದನಿ ಗೊತ್ತಾಗ್ದೇ ಇರುತ್ತಾ? ಅವನು ನನ್ನನ್ನ ಬೈದಾಗೆಲ್ಲ ನೀನು ಹೇಗೆ ನಗ್ತೀಯ ಅಂತಾನೂ ಕೇಳಿದೀನಿ."

ಅವಳು ತಲೆ ತಗ್ಗಿಸಿದಳು.

"ನೀನು ಬೇಡ ಅಂದ್ರೆ ನಾನು ಹೋಗಲ್ಲ," ಎಂದ ಅಣ್ಣ. ಅವನ ದನಿಯಲ್ಲಿ ದೂರು ಇರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಒಂದೂವರೆಗೆ ಅವಳು ರೇಡಿಯೋ ಸ್ಟೇಷನ್ನಿಗೆ ಬಂದಾಗ ಮೈರನ್ ವಿಶೇಷ ಕಾರ್ಯಕ್ರಮದ ಮಧ್ಯದಲ್ಲಿದ್ದ. ಟೇಬಲ್ ತುಂಬ ಕಾಗದ, ಖಾಲಿ ಲೋಟ. ಜಾಹೀರಾತು ಶುರುವಾದದ್ದೇ ಎದ್ದು ಬಂದ.

"ಬಂದ್ಯಾ! ಕೇಳಿದ್ಯಾ, ಪೋರ್ಟ್‌ಲ್ಯಾಂಡ್ ನಿಮ್ಮ ಲೆಹ್ತೋಲಾನ ಕೇಳ್ತಿದೆ. ಬದಲಿಗೆ ಇಬ್ರು ಹುಡುಗರು. ಕೊನೆಗೂ ನಾನೇ ಗೆದ್ದೆ ನೋಡು!"

"ನಾನೂ ಲೆಹ್ತೋಲಾನೇ ಮೈರನ್."

ಅವನಿಗೆ ಮೊದಲು ಅರ್ಥವಾಗಲಿಲ್ಲ. ನಗಲು ಹೋದ. ಅವಳ ಮುಖ ನೋಡಿ ನಿಂತ.

"ಆರ್ವಿ ನನ್ನ ಅಣ್ಣ. ಬೇಕರೀಲೇ ಹೇಳ್ಬೇಕಿತ್ತು. ಆಗ ಸಿಟ್ಟಿಗೆ ಹೇಳ್ಲಿಲ್ಲ, ಆಮೇಲೆ ಹೆದರಿಕೆಗೆ."

ಮೈರನ್ನನ ಕುತ್ತಿಗೆಯವರೆಗೂ ಕೆಂಪೇರಿತು. "ನಾಲ್ಕು ತಿಂಗಳು ನಿನ್ನ ಅಣ್ಣನ್ನ ನಾನು..."

"ಅವನು ನಗ್ತಾನೆ ಬಿಡು."

"ಅವನು ಹೋದ್ರೆ ನೀನು?"

"ಹೆಲ್ಮಿ ಇದಾಳೆ. ನಾನೂ ಹೋಗ್ಬೇಕು."

ಗಾಜಿನಾಚೆ ಕೂತಿದ್ದ ತಂತ್ರಜ್ಞೆ ಕೈ ಎತ್ತಿದಳು. ಪ್ರಸಾರದ ಕೆಂಪು ದೀಪ ಹೊತ್ತಿಕೊಳ್ಳುವುದರಲ್ಲಿತ್ತು. ಮೈರನ್ ಕುರ್ಚಿಗೆ ಹೋಗಿ ಕೂತ. ಟೈನಾ ಗಾಜಿನ ಈಚೆ ನಿಂತಳು. ಅವನು ಅವಳನ್ನೇ ನೋಡುತ್ತ ಮೈಕಿಗೆ ಬಾಗಿದ.

"ಗೆಳೆಯರೇ, ಲೆಹ್ತೋಲಾ ವಿಷಯದಲ್ಲಿ ನಾನು ಇಷ್ಟು ದಿನ ಹೇಳಿದ್ದು ತಪ್ಪು. ಅವನು ಹೋಗಬಾರದು. ಈ ಊರಿಗೆ ಅವನು ಬೇಕು. ಕ್ಯಾಪ್ ಹಾಳಾಗಿ ಹೋಗ್ಲಿ."

ಫೋನುಗಳೆಲ್ಲ ಒಟ್ಟಿಗೆ ಮಿನುಗಿದವು. "ಬೋಯ್ಕೋ, ಕುಡಿದಿದೀಯಾ?" ಎಂದು ಒಬ್ಬ ಕೂಗಿದ. ಇನ್ನೊಬ್ಬ ಬಿಕ್ಕುತ್ತ, "ಈ ಮಾತಿಗೆ ಕಾಯ್ತಿದ್ದೆ ಕಣಯ್ಯಾ," ಎಂದ. ಲೆಹ್ತೋಲಾ ಇರಲಿ ಎನ್ನುವವರು ಒಬ್ಬರ ಹಿಂದೆ ಒಬ್ಬರು ಬಂದರು. ಊರಿನ ಬಾಯಿ ಅವನೇ ಆಗಿದ್ದ. ಅವನು ತಿರುಗಿದ ಕಡೆ ಊರೂ ತಿರುಗಿತು.

ಟೈನಾಳ ಫೋನ್ ನಡುಗಿತು. ಅಣ್ಣನ ಸಂದೇಶ. 'ಕಾರಲ್ಲಿ ಕೇಳ್ತಿದೀನಿ. ಊರಿಗೆ ನಾನು ಬೇಕಂತೆ! ಹೋಗಲ್ಲ ಅಂತ ಹೇಳಿಬಿಡ್ತೀನಿ.'

ಅವಳಿಗೆ ಬೇಕಾದದ್ದೆಲ್ಲ ಆ ಸಾಲಿನಲ್ಲಿತ್ತು. ಬಂದರಿನ ದಡ, ಕೋಟಿನ ಜೇಬು, ಗುರುವಾರಗಳು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ನಿಂತಳು ಕೂಡ. ಗಡಿಯಾರದ ಮುಳ್ಳು ಎರಡರ ಮೇಲೆ ಜಾರುತ್ತಿತ್ತು. ಅಣ್ಣ ಬೆಳಿಗ್ಗೆ 'ಫೈನಲ್' ಎಂದಾಗ ಅವನ ಕಣ್ಣಲ್ಲಿ ಮಿಂಚಿ ಮರೆಯಾದದ್ದು ನೆನಪಾಯಿತು. ಹೆಂಡತಿ ಹೋದ ಮೇಲೆ ಆ ಕಣ್ಣಲ್ಲಿ ಅವಳು ಅದನ್ನು ಕಂಡಿರಲೇ ಇಲ್ಲ.

ಮುಂದಿನ ಜಾಹೀರಾತಿಗೆ ಅವಳು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ನೀನು ಸುಳ್ಳು ಹೇಳ್ದೆ."

"ನನ್ನ ಅಭಿಪ್ರಾಯ ಬದಲಾಯ್ತು."

"ಹತ್ತು ನಿಮಿಷದಲ್ಲಿ? ನನ್ನ ಕಣ್ಣು ನೋಡಿ ಹೇಳು, ಅವನು ಇಲ್ಲಿದ್ರೆ ಏನು ಸಿಗುತ್ತೆ ಅವನಿಗೆ? ಈ ತಂಡ ಈ ವರ್ಷ ಏನು ಗೆಲ್ಲುತ್ತೆ?"

ಅವನು ಟೇಬಲ್ಲಿನ ಕಾಗದಗಳನ್ನು ಜೋಡಿಸತೊಡಗಿದ.

"ಅವನು ನಿನ್ನ ಮಾತು ನಂಬಿದಾನೆ. ಹೋಗಲ್ಲ ಅಂತಿದಾನೆ. ಅವನ ಕೊನೇ ಅವಕಾಶ ಮೈರನ್!"

"ನಿನ್ನನ್ನ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ!" ಅವನ ದನಿ ಒಡೆಯಿತು. ಸಾವಿರಾರು ಜನ ಕೇಳುವ ದನಿ, ಅವಳೊಬ್ಬಳ ಎದುರು ಒಡೆಯಿತು. "ಪ್ರೀತಿ ಕಣೇ. ಇನ್ನೇನು ಹೇಳ್ಲಿ?"

ಅವಳ ಕಣ್ಣು ತುಂಬಿತು. "ಹಾಗಾದ್ರೆ ಅದನ್ನೇ ಹೇಳು. ನನ್ನ ಅಣ್ಣನ ಬದುಕು ಅಡ್ಡ ಇಟ್ಟು ಹೇಳ್ಬೇಡ. ನನಗೆ ಇಷ್ಟವಾದೋನು ನನ್ನ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳ್ತಿದ್ದ."

ಕೆಂಪು ದೀಪ. ಈ ಸಲ ಮೈರನ್ ಅವಳತ್ತ ನೋಡಲಿಲ್ಲ. ಎರಡೂ ಅಂಗೈಯನ್ನು ಟೇಬಲ್ಲಿಗೆ ಒತ್ತಿ ಕೂತ.

"ಗೆಳೆಯರೇ, ಈಗಷ್ಟೇ ನಾನು ನಿಮಗೆ ಸುಳ್ಳು ಹೇಳ್ದೆ. ಲೆಹ್ತೋಲಾ ಹೋದ್ರೆ ನನಗೆ ತುಂಬಾ ಪ್ರೀತಿಯ ಒಬ್ಬರು ಈ ಊರು ಬಿಟ್ಟು ಹೋಗ್ತಾರೆ. ಅದಕ್ಕೆ ಹೇಳ್ದೆ. ನಿಜ ಏನು ಅಂದ್ರೆ ಅವನು ಹೋಗಬೇಕು. ಇಬ್ರು ಹುಡುಗರು ಬಂದ್ರೆ ನಮ್ಮ ತಂಡ ಇನ್ನೆರಡು ವರ್ಷಕ್ಕೆ ಎದ್ದು ನಿಲ್ಲುತ್ತೆ. ಅವನಿಗೆ ಅಷ್ಟು ಟೈಮ್ ಇಲ್ಲ. ಆರ್ವಿ, ಕೇಳ್ತಾ ಇದ್ರೆ... ನಿಮ್ಮನ್ನ ತೂಗುಕುರ್ಚಿ ಅಂದಿದ್ದಕ್ಕೆ ಕ್ಷಮಿಸಿ. ನೀವು ಇಲ್ಲಿ ಎಷ್ಟು ಪೆಟ್ಟು ತಿಂದಿದೀರಿ ಅಂತ ನನಗೆ ಒಬ್ಬರು ಪ್ರತಿ ಗುರುವಾರ ಹೇಳ್ಕೊಟ್ರು. ಹೋಗಿ. ಗೆದ್ದು ಬನ್ನಿ."

ಫೋನುಗಳು ಮಿನುಗುತ್ತಲೇ ಇದ್ದವು. ಅವನು ಯಾವುದನ್ನೂ ಎತ್ತಲಿಲ್ಲ.

ಟೈನಾ ಅಣ್ಣನಿಗೆ ಫೋನ್ ಮಾಡಿದಳು. "ಹೋಗೋಣ ಅಣ್ಣಾ," ಎಂದಳು. "ಒಳ್ಳೆ ಹುಡುಗ ಕಣೇ ಅವನು," ಎಂದ ಆರ್ವಿ. ಮೂರು ಗಂಟೆಯ ಸುದ್ದಿಯಲ್ಲಿ ಮೊದಲ ಹೆಸರು ಅವನದೇ ಆಗಿತ್ತು.

ಆರ್ವಿ ಅದೇ ಸಂಜೆ ಹಾರಿದ. ಟೈನಾ ಮತ್ತು ಹೆಲ್ಮಿ ಹೊರಟದ್ದು ಮುಂದಿನ ವಾರ. ವಿಮಾನ ನಿಲ್ದಾಣಕ್ಕೆ ಮೈರನ್ ಬಂದ. ಹೆಲ್ಮಿ ಅವನನ್ನು ಮೇಲಿಂದ ಕೆಳಗೆ ಅಳೆದಳು.

"ಅಪ್ಪನ್ನ ಬೈತಿದ್ದೋರು ನೀವೇನಾ?"

"ಹೂಂ. ನಾನೇ."

"ಅಪ್ಪ ನೀವು ಬೈದಾಗ ನಗ್ತಿದ್ರು. ಅತ್ತೆ ಅಡುಗೆಮನೇಲಿ ಪಾತ್ರೆ ಕುಕ್ತಿದ್ಲು."

ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ. ಗೇಟಿನ ಹತ್ತಿರ ಮೈರನ್ ಟೈನಾಳ ಕೊರಳ ಪಟ್ಟಿಯನ್ನು ಸರಿಮಾಡಿದ, ಸರಿಯಾಗಿಯೇ ಇದ್ದುದನ್ನು.

"ನಾನು ಯಾವಾಗ ಬರ್ಲಿ?"

"ಏಪ್ರಿಲ್‌ಗೆ. ಪ್ಲೇಆಫ್ ನೋಡೋಕೆ."

"ಅಷ್ಟರಲ್ಲಿ ನಮ್ಮ ತಂಡಾನೂ ಪ್ಲೇಆಫ್‌ಗೆ ಹೋದ್ರೆ? ನಾನು ಇಲ್ಲೇ ಇರ್ಬೇಕಲ್ಲ."

"ಹೋಗಲ್ಲ ಬಿಡು."

ಆಗ ಅವನು ನಕ್ಕ. ಕಣ್ಣು ಒರೆಸಿಕೊಳ್ಳುತ್ತ ನಕ್ಕ. ಅವಳು ಅವನ ಎದೆಗೆ ಹಣೆ ಒತ್ತಿ ನಿಂತಳು, ಹೆಲ್ಮಿ ಬಂದು ತೋಳು ಎಳೆಯುವವರೆಗೂ.

ಸ್ಟರ್ಜನ್ಸ್ ಪ್ಲೇಆಫ್‌ಗೆ ಹೋಗಲಿಲ್ಲ. ಮೈರನ್ ಪೋರ್ಟ್‌ಲ್ಯಾಂಡಿಗೆ ಬಂದ, ಆಟಗಾರರ ಮನೆಯವರು ಕೂರುವ ಕಡೆ ಟೈನಾಳ ಪಕ್ಕ ಕೂತ. ಪೋರ್ಟ್‌ಲ್ಯಾಂಡ್ ತಂಡದ ಜರ್ಸಿ ಹಾಕಲು ಎಷ್ಟು ಹೇಳಿದರೂ ಒಪ್ಪಲಿಲ್ಲ. ಬೂದು ಸ್ವೆಟರ್ ಹಾಕಿಕೊಂಡು ಕೂತ. ಎರಡನೇ ಅವಧಿಯಲ್ಲಿ ಆರ್ವಿ ಪಕ್‌ಗೆ ಅಡ್ಡ ಬಿದ್ದ. ಬಿದ್ದವನು ಏಳಲಿಲ್ಲ.

ಟೈನಾಳಿಗಿಂತ ಮೊದಲು ಎದ್ದು ನಿಂತವನು ಮೈರನ್. "ಏಳಪ್ಪಾ," ಎನ್ನುತ್ತಿದ್ದ, ಅಂಚು ನಡುಗುವ ಸಣ್ಣ ದನಿಯಲ್ಲಿ. "ಏಳು ಮಾರಾಯ, ಏಳು." ಅವನ ಕೈ ಅವಳ ಕೈಯನ್ನು ನೋಯುವಷ್ಟು ಹಿಡಿದಿತ್ತು. ಕ್ಯಾಪ್ ಇಲ್ಲ, ಅದಲುಬದಲು ಇಲ್ಲ, ವಾದ ಇಲ್ಲ. ಮನೆಯವನೊಬ್ಬ ಬಿದ್ದಾಗ ಹೊರಡುವ ದನಿ ಅದು.

ಆರ್ವಿ ಕೋಲೂರಿ ಎದ್ದ. ಇಡೀ ಮೈದಾನ ಉಸಿರು ಬಿಟ್ಟಿತು.

"ಮೈರನ್," ಎಂದಳು ಟೈನಾ. "ಮದುವೆ ಆಗೋಣ್ವಾ?"

"ಈಗ ಕೇಳ್ತೀಯಲ್ಲೇ! ಆಟ ನಡೀತಾ ಇದೆ!"

"ಈಗಲೇ."

ಅವನು ತಿರುಗಿದ. ಅವಳ ಒದ್ದೆ ರೆಪ್ಪೆಗಳನ್ನು, ಗದ್ದದ ಮೇಲಿನ ಸಣ್ಣ ಮಚ್ಚೆಯನ್ನು, ತಡೆದು ಹಿಡಿದ ಉಸಿರನ್ನು ಮೊದಲ ಸಲ ಕಂಡವನಂತೆ ನೋಡಿದ. ಹೂಂ ಎಂದ. ಅಷ್ಟರಲ್ಲಿ ಸುತ್ತಲಿನ ಜನವೆಲ್ಲ ಎದ್ದು ಕಿರುಚಿತು, ಯಾರದೋ ಕೈಯಿಂದ ಪಾಪ್‌ಕಾರ್ನ್ ಹಾರಿ ಇಬ್ಬರ ತಲೆಯ ಮೇಲೂ ಬಿತ್ತು. ಹೆಲ್ಮಿ ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದಳು.

"ಯಾರು ಹೊಡೆದಿದ್ದು ಗೋಲು?" ಎಂದ ಮೈರನ್.

"ನಾನೂ ನೋಡ್ಲಿಲ್ಲ," ಎಂದಳು ಟೈನಾ.