ಬಾತಿಮಾ ಆಪಾ ಹೊತ್ತು ತಂದ ಪೆಟ್ಟಿಗೆ

ಪೆಟ್ಟಿಗೆಯಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಹಳೆ ಟವೆಲಿನ ತುಂಡಿನಲ್ಲಿ ಸುತ್ತಿದ ಎರಡು ಟೈಲ್ಸ್ ಇದ್ದವು.

ಉಲ್ಬೋಸಿನ್ ಅದನ್ನು ಮೇಜಿನ ಮೇಲಿಟ್ಟು, ಮಾತಿಲ್ಲದೆ ಚಾಕು ತೆಗೆದುಕೊಂಡು ಟೇಪು ಸೀಳಿದ್ದಳು. ಈಗ ಅದೇ ಚಾಕುವನ್ನು ಬಾತಿಮಾ ಆಪಾ ಕಡೆ ತೋರಿಸಿದಳು.

"ತೂಕ ಮೀರತ್ತೆ ಅಂತ ನನ್ನ ಲ್ಯಾಪ್‌ಟಾಪ್ ಇವರ ಕೈಗೆ ಕೊಟ್ಟಿದ್ದೆ. ಇವರ ಚೀಲದಲ್ಲಿತ್ತು. ಇವರನ್ನೇ ಕೇಳಿ."

ಗಡಿಯಿಂದ ಝಾರ್ಕೆಂಟ್ ಊರಿಗೆ ಹೋಗುವ ರಸ್ತೆಯ ಈ ಚಹಾದಂಗಡಿ ನನ್ನದು. ನನ್ನ ಹೆಸರು ಬಿಕೆನ್. ಗಡಿಯಾಚೆ ಅಗ್ಗದ ಸಾಮಾನು ಕೊಂಡವರ ವ್ಯಾನು ಮಧ್ಯಾಹ್ನ ಇಲ್ಲಿ ನಿಲ್ಲುತ್ತದೆ. ಹನ್ನೆರಡು ವರ್ಷದಿಂದ ಈ ಗಿರಾಕಿಗಳನ್ನು ನೋಡುತ್ತಿದ್ದೇನೆ. ಯಾರನ್ನೂ ನಂಬುವುದಿಲ್ಲ. ಚಹಾದ ದುಡ್ಡು ಮೊದಲೇ ಇಸಿದುಕೊಳ್ಳುತ್ತೇನೆ.

ಗಡಿಯಲ್ಲಿ ಒಬ್ಬೊಬ್ಬರಿಗೆ ಇಷ್ಟೇ ಕಿಲೋ ಎಂಬ ಮಿತಿ ಇದೆ. ತೂಕ ಮೀರಿದವರು ಹೆಚ್ಚಿನದನ್ನು ಬಾತಿಮಾ ಆಪಾ ಅಂಥವರ ಕೈಗೆ ಕೊಟ್ಟು ದಾಟಿಸುತ್ತಾರೆ. ಹೊತ್ತವರ ಕೈಯಲ್ಲಿ ಕಳೆದರೆ ಹೊತ್ತವರೇ ತುಂಬಿಕೊಡಬೇಕು, ಇದು ವ್ಯಾನಿನ ಕಟ್ಟಳೆ. ಅರವತ್ತೆಂಟರ ಆಪಾ ಹತ್ತಿರ ತುಂಬಿಕೊಡಲು ಇದ್ದದ್ದು ಒಂದು ಹಸು. ಮೊನ್ನೆಯಷ್ಟೇ ಕರು ಹಾಕಿದೆ. ಉಲ್ಬೋಸಿನ್ ಅದನ್ನೇ ಕೇಳಿದಳು, ಸಂಜೆಯೊಳಗೆ ಬೇಕು ಅಂದಳು.

ಆಪಾ ಅಳಲಿಲ್ಲ. ಮುಚ್ಚಿದ್ದನ್ನು ಮುಚ್ಚಿದ ಹಾಗೇ ತಂದೆ ಎಂದರು, ಅಷ್ಟೆ. ಪೊಲೀಸರು ಬಂದರೆ ಎಲ್ಲರ ಸಾಮಾನೂ ತೂಗುತ್ತಾರೆ, ಹಾಗಾಗಿ ಅವರನ್ನು ಕರೆಯೋಣ ಎಂದು ಯಾರೂ ಅನ್ನಲಿಲ್ಲ. ವಿಚಾರಣೆಗೆ ನಾನೇ ಬಾಗಿಲು ಹಾಕಿದೆ.

*

ಆಪಾ ಬಿಟ್ಟರೆ ಅನುಮಾನ ಅದೇ ವ್ಯಾನಿನಲ್ಲಿ ಬಂದ ಮೊಬೈಲ್ ರಿಪೇರಿಯ ಸಗಾತನ ಮೇಲೆ. ಕಳ್ಳತನದ ಮಾತು ಬಂದ ಕೂಡಲೇ ಸೊಂಟ ಮುಟ್ಟಿಕೊಂಡಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ, ಹಾಗೆ. ಅಂಗಿ ಎತ್ತು ಎಂದೆ. ತೂಕ ತಪ್ಪಿಸಲು ಹೊಟ್ಟೆಯ ಸುತ್ತ ಆರು ಫೋನು ಅಂಟಿಸಿಕೊಂಡಿದ್ದ. ಕಳ್ಳ ಹೌದು, ಕುಂಬಳಕಾಯಿ ಮಾತ್ರ ಬೇರೆ.

ಉಳಿದವನು ಚಾಲಕ ಮುಖಿತ್. ದಾರಿಯಲ್ಲಿ ವ್ಯಾನು ನಿಲ್ಲಿಸಿ ಹಿಂಬಾಗಿಲು ತೆಗೆದಿದ್ದನಂತೆ. ಏಕೆ ಎಂದು ಕೇಳಿದೆ. ತಾನು ಕೊಂಡ ಹೊಸ ರೇಡಿಯೋ ತೋರಿಸಿ ಎಲ್ಲರಿಂದ ಬೈಗಜಿ ವಸೂಲಿ ಮಾಡಲು ಎಂದ. ಅದು ನಿಜವೇ ಇರಬೇಕು. ಇಲ್ಲಿಗೆ ಬಂದವನೇ ನನ್ನ ಮೂಗಿನ ಮುಂದೆಯೂ ರೇಡಿಯೋ ಹಿಡಿದು ಎರಡು ಸಂಸಾ ಕಡುಬು ಕಿತ್ತಿದ್ದ. ಹೊಸ ವಸ್ತು ತಂದವರು ಬೈಗಜಿ ಎಂದು ಕೈ ಚಾಚಿದರೆ ನಮ್ಮಲ್ಲಿ ಬರಿಗೈಯಲ್ಲಿ ಹರಸುವಂತಿಲ್ಲ, ನಾಣ್ಯವೋ ಮಿಠಾಯಿಯೋ ಇಡಲೇಬೇಕು. ಆಪಾ ಕೂಡ ಒಂದು ಪುಟ್ಟ ಟಾರ್ಚ್ ತೋರಿಸಿ ನನ್ನಿಂದ ಸಕ್ಕರೆ ಅಚ್ಚು ಪಡೆದಿದ್ದರು.

ಅಲ್ಲಿಗೆ ನನ್ನ ತಲೆಯಲ್ಲಿ ಏನೋ ಹೊಳೆಯಿತು.

*

ಉಲ್ಬೋಸಿನ್ ಇನ್ನೊಂದು ಸಾಮಾನು ಕೊಂಡಿದ್ದಳು, ಮೈಕ್ರೋವೇವ್ ಓವನ್. ಅದರ ಪೆಟ್ಟಿಗೆ ಬಾಗಿಲ ಬಳಿ ಇತ್ತು. ಅದರ ಮೇಲೆ ಒಂದು ಹಿಡಿ ಮಿಠಾಯಿ ಇಟ್ಟೆ.

"ತಗೋ ಬೈಗಜಿ. ತೆಗೆದು ತೋರಿಸು."

"ಇನ್ನೊಂದಿನ ತೋರಿಸ್ತೀನಿ ಬಿಡಿ ಅಕ್ಕ. ಈಗ ಆ ಸಂಭ್ರಮ ಎಲ್ಲಿದೆ ನಂಗೆ?"

"ಕೊಟ್ಟ ಮೇಲೆ ತೋರಿಸ್ದೇ ಇರೋರುಂಟಾ?"

ಅವಳು ಮಿಠಾಯಿ ಬಾಚಿ ನನಗೆ ವಾಪಸು ಕೊಡಲು ಬಂದಳು. ಬೈಗಜಿ ವಾಪಸು ಕೊಡುವವರನ್ನು ಸಗಾತ್ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಾಯಿ ಬಿಟ್ಟುಕೊಂಡು ನಿಂತ. ಮುಖಿತ್ ಯಾರನ್ನೂ ಕೇಳದೆ ಟೇಪು ಕಿತ್ತು ಓವನ್ನಿನ ಬಾಗಿಲು ಎಳೆದ.

ಒಳಗೆ ಅದೇ ಟವೆಲಿನ ಇನ್ನರ್ಧ. ಅದರೊಳಗೆ ಲ್ಯಾಪ್‌ಟಾಪ್.

"ಹೋದ ತಿಂಗಳು ಇಸ್ತ್ರಿ ಪೆಟ್ಟಿಗೆಗೂ ನನ್ನ ಹತ್ರ ಬೈಗಜಿ ಕಿತ್ಕೊಂಡವಳು ನೀನು," ಎಂದೆ. "ಇವತ್ತು ಅಷ್ಟು ದೊಡ್ಡ ವಸ್ತು ಮೇಜಿನ ಮೇಲಿಟ್ಟೆ, ಒಬ್ಬರ ಮುಂದೂ ಕೈ ಚಾಚ್ಲಿಲ್ಲ. ನೇರ ಚಾಕು ತಗೊಂಡೆ. ಒಳಗೆ ಹೊಸದೇನೂ ಇಲ್ಲ ಅಂತ ನಿಂಗೊಬ್ಳಿಗೇ ಗೊತ್ತಿತ್ತು. ತೂಕ ಮೀರತ್ತೆ ಅಂತ ಆಪಾಗೆ ಕೊಟ್ಟೆ ಅಂದ್ಯಲ್ಲ? ಲ್ಯಾಪ್‌ಟಾಪ್ ನಿನ್ನ ಓವನ್ನಿನಲ್ಲೇ ಗಡಿ ದಾಟಿದೆ. ತೂಕ ಎಲ್ಲಿ ಮೀರಿತ್ತು?"

ಅವಳು ನೆಲ ನೋಡುತ್ತ ಎಲ್ಲ ಒಪ್ಪಿಕೊಂಡಳು. ಗಡಿಸಂತೆಯ ಶೌಚಾಲಯದಲ್ಲಿ ಅದಲುಬದಲು ಮಾಡಿದ್ದಳು. ಆ ಎರಡು ಟೈಲ್ಸ್ ಅಂಗಡಿಯವರು ಮಾದರಿಗೆಂದು ಪುಕ್ಕಟೆ ಕೊಟ್ಟಿದ್ದವು. ಲ್ಯಾಪ್‌ಟಾಪೂ ಉಳಿಯುತ್ತದೆ, ಹಾಲು ಕೊಡುವ ಹಸುವೂ ಬರುತ್ತದೆ ಎಂಬ ಲೆಕ್ಕ.

ಇನ್ನು ಅವಳನ್ನು ವ್ಯಾನಿಗೆ ಹತ್ತಿಸುವುದಿಲ್ಲ ಎಂದ ಮುಖಿತ್. ಆಪಾಗೆ ಮುಂದಿನ ಸೀಟು ಕೊಡುತ್ತೇನೆ ಎಂದ. ಆಪಾ ಚೀಲ ಹೆಗಲಿಗೇರಿಸಿಕೊಂಡು ಎದ್ದರು.

"ಒಂಬತ್ತು ವರ್ಷ ನಿಮ್ಮೆಲ್ಲರದೂ ಹೊತ್ತೆ. ಒಂದು ಪೆಟ್ಟಿಗೇಲೂ ಏನಿದೆ ಅಂತ ನೋಡಿದೋಳಲ್ಲ. ಇನ್ಮೇಲೆ ತೆಗೆದು ತೋರಿಸಿದ್ರೇನೇ ಹೊರೋದು."

ಹಾಲು ಕರೆಯುವ ಹೊತ್ತಾಯಿತೆಂದು ಅವರು ನಡೆದೇ ಹೊರಟರು. ನಾನೇ ಬಾಗಿಲು ತೆಗೆದುಕೊಟ್ಟೆ. ಮಧ್ಯಾಹ್ನ ಅದೇ ಬಾಗಿಲು ಹಾಕಿದ ಮೇಲೆ ಮೊದಲು ಜಾಲಾಡಿದ್ದು ಅವರ ಚೀಲವನ್ನು. ಜಾಲಾಡಿದವಳು ನಾನೇ.